ಹಳೆಯ ವಾಹನಗಳ ಛಾಯಾಚಿತ್ರ ಪ್ರದರ್ಶನ: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಶಿವಮೊಗ್ಗ ಮತ್ತು ಭದ್ರಾವತಿಯ ಹಳೆಯ ವ್ಯಾಪಾರ ಸಂಸ್ಥೆಗಳು, ಗ್ಯಾರೇಜುಗಳು, ಅಡಿಕೆ ಮಂಡಿಗಳು ಹಾಗೂ ಸಾರಿಗೆ ಕಚೇರಿಗಳ ಗೋಡೆಗಳ ಮೇಲೆ ಕಪ್ಪು-ಬಿಳುಪಿನ ಒಂದಾದರೂ ವಾಹನದ ಛಾಯಾಚಿತ್ರ ಕಾಣಸಿಗುವುದುಂಟು. ಆಯುಧಪೂಜೆಯಂದು ಬಾಳೆಕಂದು, ಚೆಂಡುಹೂವಿನ ಮಾಲೆಗಳಿಂದ ಅಲಂಕೃತವಾದ ಲಾರಿ, ಅದರ ಮುಂದೆ ಸಾಲಾಗಿ ನಿಂತ ಮಾಲೀಕ, ಚಾಲಕ ಮತ್ತು ಕ್ಲೀನರ್. ಇಲ್ಲವೇ ಹೊಸದಾಗಿ ಕೊಂಡ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತ ಯುವಕ. ಇಂತಹ ಚಿತ್ರಗಳನ್ನು ಸಂಗ್ರಹಿಸಿ ಸಾರ್ವಜನಿಕ ಪ್ರದರ್ಶನ ಏರ್ಪಡಿಸುವ ಆಸಕ್ತಿ ಹವ್ಯಾಸಿ ಛಾಯಾಗ್ರಾಹಕರಲ್ಲಿಯೂ, ಸಂಘ-ಸಂಸ್ಥೆಗಳಲ್ಲಿಯೂ ಮೂಡುವುದು ಸಹಜ. ಆದರೆ ಮೊದಲ ಪ್ರದರ್ಶನ ಯಶಸ್ವಿಯಾಗುವುದು ಚಿತ್ರಗಳ ಸಂಖ್ಯೆಯಿಂದಲ್ಲ, ಆಯ್ಕೆಯಿಂದ. ಲೆಕ್ಕಪತ್ರದಲ್ಲಿ ವೋಚರಿಗೆ ಇರುವ ಸ್ಥಾನವೇ ಪ್ರದರ್ಶನದಲ್ಲಿ ಪ್ರತಿಯೊಂದು ಚಿತ್ರಕ್ಕೂ ಇದೆ. ಯಾರದು, ಎಲ್ಲಿಯದು, ಯಾವ ಕಾಲದ್ದು, ಯಾರ ಅನುಮತಿಯಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ದಾಖಲೆಯಾಗದು.

ಈ ಕೆಲಸಕ್ಕೆ ತುರ್ತು ಇದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತುಹೋಯಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ, ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ಪಾದನೆ ಭಾಗಶಃ ಪುನರಾರಂಭಗೊಂಡಿತು. ಕಾರ್ಖಾನೆ ಮುಚ್ಚಿದಾಗ, ಅಂಗಡಿ ಕೈಬದಲಾದಾಗ, ಹಳೆಯ ಮನೆ ಕೆಡವಿದಾಗ ಲೆಕ್ಕಪುಸ್ತಕಗಳೊಡನೆ ಛಾಯಾಚಿತ್ರಗಳೂ ಗುಜರಿ ಸೇರುತ್ತವೆ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯ ಚಾಲಕರು, ಮೆಕ್ಯಾನಿಕ್ಕುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಚಿತ್ರ ಉಳಿದು ಹೆಸರು ಅಳಿದರೆ ಅರ್ಧ ದಾಖಲೆ ನಷ್ಟವಾದಂತೆಯೇ ಸರಿ.

ಯಾವುದು ‘ಹಳೆಯ’ ವಾಹನ?

ಅಂತರರಾಷ್ಟ್ರೀಯ ವಾಹನ ಸಂಗ್ರಾಹಕರು ಸಾಮಾನ್ಯವಾಗಿ 1919ರಿಂದ 1930ರವರೆಗೆ ತಯಾರಾದ ವಾಹನಗಳನ್ನು ‘ವಿಂಟೇಜ್’ ಎಂದು ಕರೆಯುತ್ತಾರೆ. ಭಾರತದಲ್ಲಿ 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಇರಿಸಿಕೊಂಡು ಬಂದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಈ ನಿಯಮಗಳು ವಾಹನದ ನೋಂದಣಿಗೆ ಸಂಬಂಧಿಸಿದವೇ ಹೊರತು ಛಾಯಾಚಿತ್ರಕ್ಕಲ್ಲ. ಆದರೂ ಸಂಘಟಕರು ಒಂದು ಕಾಲಮಿತಿಯನ್ನು ಮೊದಲೇ ನಿಗದಿಪಡಿಸಿ ಪ್ರಕಟಿಸುವುದು ಒಳಿತು. 1930ರ ಮಿತಿ ಇರಿಸಿಕೊಂಡರೆ ಮಲೆನಾಡಿನ ಪಟ್ಟಣವೊಂದರಲ್ಲಿ ಗೋಡೆ ತುಂಬುವಷ್ಟು ಚಿತ್ರಗಳು ದೊರೆಯುವುದು ಕಷ್ಟ. 50 ವರ್ಷಗಳ ಮಿತಿ ಇರಿಸಿಕೊಂಡರೆ ಅಂಬಾಸಿಡರ್, ಫಿಯೆಟ್, ಜೀಪು, ಮೈಸೂರಿನಲ್ಲಿ ತಯಾರಾದ ಜಾವಾ, ಟಾಟಾ ಮರ್ಸಿಡಿಸ್ ಲಾರಿ ಎಲ್ಲಕ್ಕೂ ಅವಕಾಶ ದೊರೆಯುತ್ತದೆ. ಊರಿನ ವ್ಯವಹಾರವನ್ನು ಹೊತ್ತು ನಡೆಸಿದ ವಾಹನಗಳೂ ಇವೇ.

ಇನ್ನೊಂದು ನಿರ್ಧಾರವೂ ಆರಂಭದಲ್ಲಿಯೇ ಆಗಬೇಕು. ಹಳೆಯ ವಾಹನದ ಹಳೆಯ ಚಿತ್ರ ಬೇರೆ, ಪುನಶ್ಚೇತನಗೊಳಿಸಿದ ವಾಹನವನ್ನು ಈಗ ತೆಗೆದ ಚಿತ್ರ ಬೇರೆ. ಎರಡನೆಯದರಲ್ಲಿ ಬಣ್ಣ, ಹೊಳಪು, ಕೌಶಲ ಇರುತ್ತದೆ. ಮೊದಲನೆಯದರಲ್ಲಿ ಕಾಲವೇ ಇರುತ್ತದೆ. ಎರಡನ್ನೂ ಒಂದೇ ಗೋಡೆಯ ಮೇಲೆ ಬೆರೆಸಿದರೆ ನೋಡುಗರ ಕಣ್ಣು ಬಣ್ಣದ ಕಡೆಗೇ ಹೋಗುತ್ತದೆ. ಮೊದಲ ಪ್ರದರ್ಶನವನ್ನು ಹಳೆಯ ಚಿತ್ರಗಳಿಗೆ ಸೀಮಿತಗೊಳಿಸುವುದು, ಅಥವಾ ಹೊಸ ಚಿತ್ರಗಳಿಗೆ ಪ್ರತ್ಯೇಕ ವಿಭಾಗ ಕಲ್ಪಿಸುವುದು ಉಚಿತ.

ಚಿತ್ರ ಏನು ಹೇಳುತ್ತದೆ?

ಆಯ್ಕೆಯ ಮೊದಲ ಜರಡಿ ವಾಹನದ ಅಂದವಲ್ಲ, ಚಿತ್ರದಲ್ಲಿರುವ ಸಂಗತಿ. ಬೀರೂರು-ಶಿವಮೊಗ್ಗ ರೈಲು ಮಾರ್ಗ 1899ರಲ್ಲಿ ಆರಂಭವಾಯಿತು. ಬೆಂಕಿಪುರವೆಂಬ ಹೆಸರಿದ್ದ ಊರಿನಲ್ಲಿ 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಗಿ 1923ರಲ್ಲಿ ಉತ್ಪಾದನೆ ಪ್ರಾರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಸೌದೆ, ಇದ್ದಿಲು ಎಲ್ಲವೂ ಸಾಗಣೆಯನ್ನೇ ಅವಲಂಬಿಸಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಮೈಸೂರು ಸಂಸ್ಥಾನದಲ್ಲಿ ಇದ್ದಿಲು ಅನಿಲದ ಬಸ್ಸುಗಳು ಓಡಿದವು. ಆಮೇಲೆ ಶರಾವತಿ ಯೋಜನೆಯ ಕಾಮಗಾರಿ ಬಂತು; ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಈ ಸರಣಿಯ ಯಾವುದಾದರೊಂದು ಘಟ್ಟವನ್ನು ಬೆಳಗಿಸುವ ಚಿತ್ರಕ್ಕೆ ಮೊದಲ ಆದ್ಯತೆ ಸಲ್ಲಬೇಕು. ಥಳಥಳಿಸುವ ಕಾರೊಂದರ ಚಿತ್ರಕ್ಕಿಂತ, ಅಡಿಕೆ ಮೂಟೆಗಳನ್ನು ಹೇರಿಕೊಂಡು ಮಂಡಿಯ ಮುಂದೆ ನಿಂತ ಲಾರಿಯ ಮಸುಕು ಚಿತ್ರ ಶಿವಮೊಗ್ಗದ ನೋಡುಗನಿಗೆ ಹೆಚ್ಚು ಸಂಗತಿ ತಿಳಿಸುತ್ತದೆ. ಅಂಗಡಿಯ ಫಲಕ, ಹಮಾಲರ ಉಡುಪು, ರಸ್ತೆಯ ಸ್ಥಿತಿ, ಬಾಡಿ ಕಟ್ಟಿದ ರೀತಿ, ಇವೆಲ್ಲವೂ ಅದರಲ್ಲಿ ಅಡಗಿರುತ್ತವೆ.

ತಾಂತ್ರಿಕ ದೋಷದ ಕಾರಣಕ್ಕೇ ಚಿತ್ರವನ್ನು ಬದಿಗಿಡುವುದೂ ಸರಿಯಲ್ಲ. ಫ್ರಾನ್ಸಿನ ಜಾಕ್ ಆಂರಿ ಲಾರ್ತಿಗ್ (1894–1986) ಹದಿಹರೆಯದಲ್ಲಿ ಕಾರು ಓಟದ ಸ್ಪರ್ಧೆಯೊಂದರಲ್ಲಿ ತೆಗೆದ ಚಿತ್ರದಲ್ಲಿ ವಾಹನ ಪೂರ್ತಿಯಾಗಿ ಚೌಕಟ್ಟಿನೊಳಗೆ ಬಂದಿಲ್ಲ, ಚಕ್ರ ಅಂಡಾಕಾರವಾಗಿ ಓರೆಗೊಂಡಿದೆ, ಪ್ರೇಕ್ಷಕರು ಎದುರು ದಿಕ್ಕಿಗೆ ವಾಲಿದಂತೆ ಕಾಣುತ್ತಾರೆ. ಆದರೂ ವೇಗದ ಅನುಭವವನ್ನು ಅಷ್ಟು ಸಮರ್ಥವಾಗಿ ಹಿಡಿದ ಚಿತ್ರಗಳು ವಿರಳ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಲಾರ್ತಿಗ್ ಅವರ ಚಿತ್ರಗಳನ್ನು ಪ್ರದರ್ಶಿಸಿದಾಗ ಅವರಿಗೆ 69 ವರ್ಷ. ಅದೇ ಕಾರಿನ ಚಿತ್ರಕ್ಕೆ ಬಹುಕಾಲ 1912 ಎಂದು ನಮೂದಾಗಿದ್ದ ವರ್ಷ, ವಾಹನದ ಗುರುತುಗಳನ್ನು ಪರಿಶೀಲಿಸಿದ ಮೇಲೆ 1913 ಎಂದು ತಿದ್ದಲ್ಪಟ್ಟಿತು. ಜಗತ್ಪ್ರಸಿದ್ಧ ಚಿತ್ರದಲ್ಲಿಯೂ ಇಸವಿ ತಪ್ಪಬಹುದು ಎಂಬುದು ಇದರಿಂದ ಸ್ಪಷ್ಟ.

ಕಾಲ ನಿರ್ಣಯ

ಎರಡನೆಯ ಜರಡಿ ಸತ್ಯಾಸತ್ಯತೆ. ಮನೆಯವರ ನೆನಪು ಆರಂಭಕ್ಕೆ ಆಧಾರ. ಅದನ್ನು ಚಿತ್ರದೊಳಗಿನ ಗುರುತುಗಳೊಡನೆ ತಾಳೆ ನೋಡಬೇಕು. ನೋಂದಣಿ ಫಲಕದಲ್ಲಿ ಎಂ.ವೈ. ಅಕ್ಷರಗಳಿದ್ದರೆ ವಾಹನ ಮೈಸೂರು ಹೆಸರಿನ ಕಾಲದಲ್ಲಿ ನೋಂದಣಿಯಾದದ್ದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಕೆ.ಎ. 14 ಎಂದಿದ್ದರೆ 1989ರ ಹೊಸ ಪದ್ಧತಿಯ ನಂತರದ್ದು. ಟಾಟಾ ಲಾರಿಯ ಮುಂಭಾಗದಲ್ಲಿ ಮೂರು ಮೊನೆಯ ಮರ್ಸಿಡಿಸ್ ನಕ್ಷತ್ರವಿದ್ದರೆ ಅದು 1954ರಿಂದ 1969ರವರೆಗಿನ ಸಹಯೋಗದ ಕಾಲದ ತಯಾರಿಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾದದ್ದು 1961ರಲ್ಲಿ. ಟ್ಯಾಂಕಿನ ಮೇಲೆ ಯೆಜ್ಡಿ ಎಂದಿದ್ದರೆ 1970ರ ದಶಕ ಅಥವಾ ಅನಂತರದ್ದು. ಸರ್ಕಾರಿ ಬಸ್ಸಿನ ಮೇಲಿನ ಹೆಸರೂ ಸಹಾಯಕ: ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಆರಂಭವಾಗಿ, 1961ರಲ್ಲಿ ನಿಗಮವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಹನದ ವಯಸ್ಸು ಬೇರೆ, ಚಿತ್ರದ ವಯಸ್ಸು ಬೇರೆ. 1958ರ ಲಾರಿ 1980ರವರೆಗೂ ಓಡಿರಬಹುದು. ಆದ್ದರಿಂದ ಗುರುತುಗಳು ತಿಳಿಸುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ. ಖಚಿತ ವರ್ಷ ಸಿಗದಿದ್ದಲ್ಲಿ ‘1960ರ ದಶಕ’ ಎಂದು ನಮೂದಿಸುವುದು ಪ್ರಾಮಾಣಿಕ ಕ್ರಮ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚಿ, ಮಸುಕನ್ನು ತಿದ್ದುವ ರೂಢಿ ಬೆಳೆದಿದೆ. ಮೂಲದಲ್ಲಿ ಕಾಣದ ಮುಖವನ್ನೂ, ಸಂಖ್ಯೆಯನ್ನೂ ಈ ತಂತ್ರಾಂಶಗಳು ಊಹಿಸಿ ತುಂಬುತ್ತವೆ. ಧೂಳು, ಗೀರುಗಳನ್ನು ತೆಗೆಯುವುದಕ್ಕಿಂತ ಮುಂದೆ ಹೋಗದಿರುವುದೇ ಕ್ಷೇಮ.

ಮುದ್ರಣಕ್ಕೆ ಯೋಗ್ಯತೆ

ಮೂರನೆಯ ಜರಡಿ ಅಳತೆಗೆ ಸಂಬಂಧಿಸಿದ್ದು. ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಚಿತ್ರ ಗೋಡೆಯ ಮೇಲೆ ಒಡೆದು ಕಾಣಬಹುದು. ಹತ್ತಿರದಿಂದ ನೋಡುವ ಮುದ್ರಣಕ್ಕೆ ಪ್ರತಿ ಅಂಗುಲಕ್ಕೆ 300 ಪಿಕ್ಸೆಲ್ ಇರುವುದು ಒಳ್ಳೆಯದು, 200ಕ್ಕಿಂತ ಕಡಿಮೆಯಾಗಬಾರದು. 12×18 ಅಂಗುಲದ ಚಿತ್ರಕ್ಕೆ 300ರ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕಾಗುತ್ತದೆ. 35 ಮಿ.ಮೀ. ನೆಗೆಟಿವ್ ಅನ್ನು 4000 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿದರೆ ಇದು ದೊರೆಯುತ್ತದೆ. ನೆಗೆಟಿವ್ ಇಲ್ಲದೆ 6×9 ಸೆಂ.ಮೀ. ಮುದ್ರಿತ ಪ್ರತಿ ಮಾತ್ರ ಇದ್ದಲ್ಲಿ 1200 ಡಿ.ಪಿ.ಐ. ಸ್ಕ್ಯಾನಿನಿಂದ ಸುಮಾರು 9×14 ಅಂಗುಲದ ಪ್ರತಿ ಸಾಧ್ಯವಾದರೂ, ಹಳೆಯ ಮುದ್ರಣದಲ್ಲಿ ಅಷ್ಟು ಸೂಕ್ಷ್ಮ ವಿವರ ಇರುವುದು ಅಪರೂಪ. ಅಂತಹ ಚಿತ್ರಗಳನ್ನು ಚಿಕ್ಕದಾಗಿಯೇ, ಅಗಲವಾದ ಬಿಳಿ ಅಂಚಿನೊಳಗೆ ಕೂರಿಸುವುದು ಲೇಸು. ಸ್ಟುಡಿಯೋಗಳಲ್ಲಿ ಉಳಿದಿರಬಹುದಾದ ನೆಗೆಟಿವ್‌ಗಳಿಗಾಗಿ ವಿಚಾರಿಸುವ ಶ್ರಮ ವ್ಯರ್ಥವಾಗದು.

ಮೂಲಪ್ರತಿಗಳನ್ನು ಗೋಡೆಗೆ ಏರಿಸಬಾರದು. ಬೆಳಕು ಮತ್ತು ಮಲೆನಾಡಿನ ತೇವಾಂಶ ಎರಡೂ ಅವುಗಳಿಗೆ ಶತ್ರು. ಸ್ಕ್ಯಾನ್ ಮಾಡಿಸಿ, ರಸೀದಿ ಸಹಿತ ಕೂಡಲೇ ಹಿಂದಿರುಗಿಸಬೇಕು. ಪ್ರದರ್ಶನಕ್ಕೆ ಮಳೆಗಾಲವನ್ನು ಬಿಟ್ಟು ದಸರಾದಿಂದ ಫೆಬ್ರವರಿಯವರೆಗಿನ ಅವಧಿ ಅನುಕೂಲ.

ಹಕ್ಕು ಮತ್ತು ಅನುಮತಿ

ಚಿತ್ರದ ಪ್ರತಿ ಕೈಯಲ್ಲಿರುವುದು ಬೇರೆ, ಅದರ ಕೃತಿಸ್ವಾಮ್ಯ ಇರುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವನೇ. ಆಯುಧಪೂಜೆಯಂದು ಲಾರಿ ಮಾಲೀಕ ಸ್ಟುಡಿಯೋದವರನ್ನು ಕರೆಸಿ ತೆಗೆಸಿದ ಚಿತ್ರದ ಹಕ್ಕು ಸಾಮಾನ್ಯವಾಗಿ ಮಾಲೀಕನಿಗೆ, ಅವನ ನಂತರ ವಾರಸುದಾರರಿಗೆ ಸೇರುತ್ತದೆ. ಛಾಯಾಗ್ರಾಹಕ ತಾನಾಗಿಯೇ ತೆಗೆದಿದ್ದರೆ ಹಕ್ಕು ಅವನದು. ಕಾರ್ಖಾನೆಯ ನೌಕರ ಕರ್ತವ್ಯದ ಭಾಗವಾಗಿ ತೆಗೆದಿದ್ದರೆ ಕಾರ್ಖಾನೆಯದು. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕಿನ ಅವಧಿ ಸಾಮಾನ್ಯವಾಗಿ ಛಾಯಾಗ್ರಾಹಕನ ಜೀವಿತಾವಧಿ ಹಾಗೂ ಅನಂತರದ 60 ವರ್ಷ. ಆದ್ದರಿಂದ ‘ಹಳೆಯದು, ಯಾರೂ ಕೇಳುವುದಿಲ್ಲ’ ಎಂಬ ಧೋರಣೆ ಅಪಾಯಕಾರಿ. ಎಷ್ಟು ಚಿತ್ರ, ಯಾವ ಉದ್ದೇಶ, ಎಷ್ಟು ಅವಧಿ, ಮುದ್ರಣಗಳ ಮಾರಾಟಕ್ಕೆ ಒಪ್ಪಿಗೆ ಇದೆಯೇ, ಸೌಜನ್ಯ ಎಂದು ಯಾರ ಹೆಸರು ಹಾಕಬೇಕು, ಮೂಲಪ್ರತಿ ಎಂದು ಹಿಂದಿರುಗಿಸಲಾಗುವುದು ಎಂಬ ವಿವರಗಳುಳ್ಳ ಒಂದು ಪುಟದ ಅನುಮತಿ ಪತ್ರ ಸಾಕು. ಪ್ರತಿ ಚಿತ್ರಕ್ಕೂ ಸಂಖ್ಯೆ ಕೊಟ್ಟು ದಾಸ್ತಾನು ಪುಸ್ತಕದಂತೆ ಒಂದು ವಹಿ ಇರಿಸಿದರೆ ಗೊಂದಲಕ್ಕೆ ಆಸ್ಪದವಿರದು.

ಲೆಕ್ಕಾಚಾರ

ಸಂಗ್ರಹವಾದ 200 ಚಿತ್ರಗಳಲ್ಲಿ 30 ಉಳಿದರೆ ಮೊದಲ ಪ್ರದರ್ಶನಕ್ಕೆ ಧಾರಾಳ. ಅಂಚು, ಚೌಕಟ್ಟು, ನಡುವಣ ಅಂತರ ಸೇರಿ ಪ್ರತಿ ಚಿತ್ರಕ್ಕೆ 90 ಸೆಂ.ಮೀ. ಎಂದಿಟ್ಟುಕೊಂಡರೂ 30 ಚಿತ್ರಗಳಿಗೆ 27 ಮೀಟರ್ ಗೋಡೆ ಬೇಕು. ಸ್ಕ್ಯಾನ್, ಮುದ್ರಣ, ಚೌಕಟ್ಟು ಸೇರಿ ಚಿತ್ರವೊಂದಕ್ಕೆ ಉದಾಹರಣೆಗಾಗಿ 1,500 ರೂಪಾಯಿ ಹಿಡಿದರೆ 30ಕ್ಕೆ 45,000, 60ಕ್ಕೆ 90,000 ರೂಪಾಯಿ ಆಗುತ್ತದೆ. ಆದರೆ ಚಿತ್ರ ಇಮ್ಮಡಿಯಾದ ಮಾತ್ರಕ್ಕೆ ನೋಡುಗರ ಸಂಖ್ಯೆ ಇಮ್ಮಡಿಯಾಗದು. ಒಂದೇ ಅಳತೆಯ ಚೌಕಟ್ಟುಗಳನ್ನು ಮಾಡಿಸಿದರೆ ಶಿವಮೊಗ್ಗದಲ್ಲಿ ಪ್ರದರ್ಶಿಸಿದ ಚಿತ್ರಗಳನ್ನೇ ಸುಮಾರು 20 ಕಿ.ಮೀ. ದೂರದ ಭದ್ರಾವತಿಗೆ ಕೊಂಡೊಯ್ದು, ಅದೇ ವೆಚ್ಚದಲ್ಲಿ ಎರಡು ಊರುಗಳಿಗೆ ತಲುಪಿಸಬಹುದು.

ಪ್ರಾಯೋಜಕತ್ವ ನೀಡುವ ಸಂಸ್ಥೆಗಳು ಅದು ಜಾಹೀರಾತೋ, ದೇಣಿಗೆಯೋ ಎಂಬುದನ್ನು ಪತ್ರದಲ್ಲಿಯೇ ಸ್ಪಷ್ಟಪಡಿಸಬೇಕು. ಆದಾಯ ತೆರಿಗೆಯಲ್ಲಿ ಜಾಹೀರಾತನ್ನು ವ್ಯವಹಾರದ ವೆಚ್ಚವಾಗಿ ಪರಿಗಣಿಸುವ ರೀತಿ ಬೇರೆ, ದೇಣಿಗೆಗೆ ರಿಯಾಯಿತಿ ದೊರೆಯುವ ಷರತ್ತುಗಳು ಬೇರೆ. ಮುದ್ರಣಗಳನ್ನು ಮಾರುವ ಉದ್ದೇಶವಿದ್ದರೆ ಮುಂಗಡ ಪಡೆದು ಆರ್ಡರ್ ಬರೆದುಕೊಳ್ಳುವ ಪದ್ಧತಿ ಮೇಲು. ಮಾರಾಟವಾಗದ ದಾಸ್ತಾನಿನ ಹೊರೆ ಉಳಿಯುವುದಿಲ್ಲ. ಹೊರರಾಜ್ಯದಿಂದ ಬಂದು ಇಲ್ಲಿ ಮಾರುವವರು ಜಿ.ಎಸ್.ಟಿ. ಕಾನೂನಿನಡಿ ಸಾಂದರ್ಭಿಕ ತೆರಿಗೆದಾರರಾಗಿ ಮೊದಲೇ ನೋಂದಣಿ ಪಡೆಯಬೇಕಾದೀತು.

ಕೊನೆಯದಾಗಿ, ಪ್ರತಿ ಚಿತ್ರದ ಕೆಳಗೆ ನಾಲ್ಕೈದು ಸಾಲುಗಳ ವಿವರಣೆ ಇರಲಿ: ವಾಹನ, ಸ್ಥಳ, ಕಾಲ, ಚಿತ್ರದಲ್ಲಿರುವವರ ಹೆಸರು. ಮಾಲೀಕನ ಹೆಸರು ಮಾತ್ರ ಬರೆದು ಚಾಲಕ, ಕ್ಲೀನರ್ ಹೆಸರುಗಳನ್ನು ಬಿಡುವುದು ನ್ಯಾಯವಲ್ಲ. ಹೆಸರು ತಿಳಿಯದಿದ್ದಲ್ಲಿ ಜಾಗ ಖಾಲಿ ಬಿಟ್ಟು, ಸಭಾಂಗಣದ ಬಾಗಿಲಲ್ಲಿ ಒಂದು ನೋಟ್ ಪುಸ್ತಕವನ್ನೂ ಪೆನ್ನನ್ನೂ ಇರಿಸಿದರೆ ನೋಡಲು ಬಂದವರೇ ಹಲವು ಹೆಸರುಗಳನ್ನು ತುಂಬಿಕೊಡುತ್ತಾರೆ. ಆ ಪುಸ್ತಕವೇ ಮುಂದಿನ ಪ್ರದರ್ಶನದ ಮೂಲಧನ. ಸದಸ್ಯ ಸಂಸ್ಥೆಗಳು ತಮ್ಮ ಕಪಾಟುಗಳಲ್ಲಿರುವ ಹಳೆಯ ಚಿತ್ರಗಳನ್ನು ಈ ವರ್ಷದ ಆಯುಧಪೂಜೆಗೆ ಮುನ್ನವೇ ಹೊರತೆಗೆದು, ಹಿರಿಯರನ್ನು ಕೇಳಿ, ಪೆನ್ಸಿಲಿನಿಂದ ಹಿಂಬದಿಯಲ್ಲಿ ಹೆಸರು ಮತ್ತು ಇಸವಿ ಬರೆದಿಟ್ಟರೆ ಕೆಲಸದ ಅರ್ಧಭಾಗ ಮುಗಿದಂತೆ.