ತಡವಾಗಿ ಬಂದ ಸಂದೇಶ ಗ್ರಿಡ್‌ಗೆ ಬೇಡ

ಕೋಲಾರ ಜಿಲ್ಲೆಯ ವಿಗ್ರಹ ಕೆತ್ತುವ ಊರು ಶಿವಾರಪಟ್ಟಣದಲ್ಲಿ ಕಲ್ಲು ಕೊಯ್ಯುವ ಮೆಷಿನ್ ಅರ್ಧ ಗೆರೆಗೆ ನಿಂತರೆ ಬರುವ ಮೊದಲ ಮಾತು, "ಮೇಲಿಂದ ಕರೆಂಟ್ ತೆಗೆದ್ರು." ಲೈನ್ ರಿಪೇರಿಗೋ ಲೋಡ್ ಶೆಡ್ಡಿಂಗಿಗೋ ಫೀಡರ್ ತೆಗೆಯುವುದು ಉಂಟು. ಆದರೆ ಗ್ರಿಡ್ಡೇ ಅಪಾಯಕ್ಕೆ ಸಿಕ್ಕಾಗಲೂ ಬೆಂಗಳೂರಿನಲ್ಲಿ ಕೂತ ಅಧಿಕಾರಿ ಪರದೆ ನೋಡಿ ಸ್ವಿಚ್ ಒತ್ತುತ್ತಾರೆ ಎನ್ನುವುದು ತಪ್ಪು ಕಲ್ಪನೆ. ಅವರ ಪರದೆಯ ಅಂಕಿಗಳು ಬದಲಾಗಲು ಕೆಲವು ಸೆಕೆಂಡು ಬೇಕು. ನಮ್ಮ ಕರೆಂಟಿನ ಒಂದು ಆವರ್ತ ಮುಗಿಯುವುದು 20 ಮಿಲಿಸೆಕೆಂಡಿನಲ್ಲಿ.

ಕೋಲಾರದ್ದೇ ಉದಾಹರಣೆ ನೋಡಿ. ಒಡಿಶಾದ ತಾಲ್ಚೇರ್‌ನಿಂದ ಇಲ್ಲಿನ ಪವರ್‌ಗ್ರಿಡ್ ಕೇಂದ್ರಕ್ಕೆ ಸುಮಾರು 1,370 ಕಿ.ಮೀ. ಉದ್ದದ 500 ಕಿಲೋವೋಲ್ಟ್ ಡಿ.ಸಿ. ಲೈನ್ ಬಂದಿದೆ. 2003ರಲ್ಲಿ 2,000 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಶುರುವಾಗಿ, ಆಮೇಲೆ 2,500ಕ್ಕೆ ಏರಿತು. ಇದು ದಿಢೀರನೆ ಟ್ರಿಪ್ ಆದರೆ ಆ ಭಾರವೆಲ್ಲ ಉಳಿದ ಲೈನ್‌ಗಳ ಮೇಲೆ ಬೀಳುತ್ತದೆ. ಅದಕ್ಕೇ ಕೋಲಾರದಿಂದ ದಕ್ಷಿಣದ ಹಲವು ಸಬ್‌ಸ್ಟೇಷನ್‌ಗಳಿಗೆ ಟ್ರಿಪ್ ಸಿಗ್ನಲ್ ತಾನಾಗಿಯೇ ಹೋಗುವ ಏರ್ಪಾಡಿದೆ. ಮೊದಲೇ ಗುರುತಿಸಿಟ್ಟ ಲೋಡ್ ಕಡಿತವಾಗುತ್ತದೆ. ಯಾರನ್ನೂ ಕೇಳುವುದಿಲ್ಲ.

"ಹಾಗಾದರೆ ಇಂಟರ್ನೆಟ್ ಜೋರಾಗಿದ್ದರೆ ಸಾಕಲ್ಲ?" ಈ ನಂಬಿಕೆ ಓದಿದವರಲ್ಲೇ ಹೆಚ್ಚು. ವೇಗಕ್ಕೇನೂ ಬರವಿಲ್ಲ: ಫೈಬರ್‌ನಲ್ಲಿ ಬೆಳಕು ತಾಲ್ಚೇರ್‌ನಷ್ಟು ದೂರವನ್ನು ಸುಮಾರು 7 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಪ್ರಶ್ನೆ ಇರುವುದು ಹೇಳಿದ ಹೊತ್ತಿಗೆ ತಪ್ಪದೆ ಬರುತ್ತದೆಯೇ ಎಂಬುದರಲ್ಲಿ. ಸಾವಿರ ಸಲ 5 ಮಿಲಿಸೆಕೆಂಡಿಗೆ ಬಂದು ಒಂದೇ ಸಲ ಅರ್ಧ ಸೆಕೆಂಡು ತಡವಾದರೂ, ಬ್ರೇಕರ್ ಬೀಳಬೇಕಾಗಿದ್ದು ಆ ಒಂದು ಸಲವೇ ಆಗಿರಬಹುದು.

ಗಿರಾಕಿಗೆ ವಿಗ್ರಹದ ಫೋಟೊ ಕಳಿಸುವಾಗ ಒಂದು ತುಣುಕು ಕಳೆದುಹೋದರೆ ನೆಟ್‌ವರ್ಕ್ ಅದನ್ನು ಮತ್ತೆ ತರಿಸುತ್ತದೆ, ಸಿಗುವವರೆಗೆ ಅದರ ಹಿಂದೆ ಬಂದವನ್ನೂ ತಡೆದು ನಿಲ್ಲಿಸುತ್ತದೆ. ಫೋಟೊಗೆ ಇದು ಒಳ್ಳೆಯದು, ಬ್ರೇಕರ್ ಬೀಳಿಸುವ ರಿಲೇಗೆ ಅಪಾಯ. ಹೊಸ ಸಬ್‌ಸ್ಟೇಷನ್‌ಗಳಲ್ಲಿ 'ಗೂಸ್' ಎಂಬ ಸಂದೇಶ ಪದ್ಧತಿ ಇದೆ. ಅದು 'ತಲುಪಿತು' ಎಂಬ ಉತ್ತರಕ್ಕೆ ಕಾಯುವುದೇ ಇಲ್ಲ. ಟ್ರಿಪ್ ಸಂದೇಶ ಹೊರಟ ಕೂಡಲೇ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಮೊದಲು ಬೇಗಬೇಗ, ಆಮೇಲೆ ಬಿಡುವು ಕೊಟ್ಟು. ಏನೂ ಆಗದಿದ್ದಾಗಲೂ ಸಂದೇಶ ಹರಿಯುತ್ತಿರುತ್ತದೆ. ಅದು ನಿಂತಿತೆಂದರೆ ಸಂಪರ್ಕ ಸತ್ತಿದೆ ಎಂದು ಆ ತುದಿಯ ರಿಲೇಗೆ ತಿಳಿಯುತ್ತದೆ. ಎಷ್ಟು ಸರಳ, ಎಷ್ಟು ಗಟ್ಟಿ ಯೋಚನೆ!

ಟವರಿನ ತುದಿಯ ತಂತಿ ಸಿಡಿಲು ತಡೆಯಲಷ್ಟೇ ಎಂದುಕೊಂಡವರೂ ಇದ್ದಾರೆ. ಬಹಳ ಲೈನ್‌ಗಳಲ್ಲಿ ಈ ಸಂದೇಶಗಳನ್ನು ಹೊರುವ ಫೈಬರ್ ಆ ತಂತಿಯ ಹೊಟ್ಟೆಯಲ್ಲೇ ಇದೆ.

ಇನ್ನೊಂದು ನಂಬಿಕೆ: ಎಲ್ಲ ಮಾಹಿತಿ ಒಂದೇ ಕೇಂದ್ರಕ್ಕೆ ಬಂದರೆ ಗ್ರಿಡ್ ಭದ್ರ. ಮಾಹಿತಿ ಬರಲಿ, ಬೇಕು. ಜಿಪಿಎಸ್ ಗಡಿಯಾರಕ್ಕೆ ಹೊಂದಿಸಿದ ಫೇಸರ್ ಮಾಪಕಗಳು ಸೆಕೆಂಡಿಗೆ ಹತ್ತಾರು ಬಾರಿ ಅಳತೆ ಕಳಿಸುತ್ತವೆ. ಕೇಂದ್ರದ ಕಂಪ್ಯೂಟರ್ ಅವನ್ನು ಅಳೆದ ಕ್ಷಣದ ಪ್ರಕಾರ ಜೋಡಿಸಿ, ಗಡುವು ಮೀರಿದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಕೊನೆಯ ಕಾವಲು ಕೇಂದ್ರದಲ್ಲಿಲ್ಲ. ಸಬ್‌ಸ್ಟೇಷನ್‌ನ ಅಂಡರ್ ಫ್ರೀಕ್ವೆನ್ಸಿ ರಿಲೇಗೆ ಯಾವ ಸಂದೇಶವೂ ಬೇಡ. 50 ಹರ್ಟ್ಸ್ ಎಷ್ಟು ಕುಸಿದಿದೆ ಎಂಬುದನ್ನು ತಂತಿಯಿಂದಲೇ ಓದಿ ಫೀಡರ್ ತೆಗೆಯುತ್ತದೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದವು. ದಕ್ಷಿಣ ಆಗಿನ್ನೂ ಡಿ.ಸಿ. ಕೊಂಡಿಗಳಿಂದಷ್ಟೇ ಅವುಗಳಿಗೆ ಅಂಟಿಕೊಂಡಿತ್ತು. ಪೂರ್ವದಿಂದ ಬರುತ್ತಿದ್ದ ವಿದ್ಯುತ್ ನಿಂತರೂ ದಕ್ಷಿಣ ಉಳಿಯಿತು; ಹಾಗೆ ಉಳಿಸಿದ್ದರಲ್ಲಿ ಈ ರಿಲೇಗಳು ತೆಗೆದ ಫೀಡರ್‌ಗಳ ಪಾಲೂ ಇತ್ತು.