ಕಾರಿನ ಆಸನದೋಷವೂ ಹೇತುವಿಚಾರವೂ

ಗುಂಡಿಯನ್ನೊತ್ತಿದೊಡನೆ ಮುಂದಕ್ಕೂ ಹಿಂದಕ್ಕೂ ಸರಿಯುವ ಆಸನಗಳು ಈಚಿನ ಅನೇಕ ಕಾರುಗಳಲ್ಲಿವೆ. ಕಂಟ್ರೋಲ್ ಮಾಡ್ಯೂಲೆಂಬ ಪೆಟ್ಟಿಗೆಯೊಂದು ಗುಂಡಿಯ ಸೂಚನೆಯನ್ನು ಗ್ರಹಿಸಿ ಮೋಟಾರಿಗೆ ತಕ್ಕ ದಿಕ್ಕಿನಲ್ಲಿ ವಿದ್ಯುತ್ತನ್ನು ಹರಿಸುತ್ತದೆ. ಆಸನವು ಚಲಿಸದಿದ್ದರೆ ಈ ಪೆಟ್ಟಿಗೆಯೇ ಕೆಟ್ಟಿತೆನ್ನುವವರು ಬಹುಮಂದಿ. ಹೊಸದನ್ನು ಹಾಕಿದಾಗ ಆಸನವು ಚಲಿಸಿತೆಂದರೆ ತಮ್ಮ ನಿರ್ಣಯವು ಸಿದ್ಧವಾಯಿತೆಂದೂ ತಿಳಿಯುವರು. ಈ ಅನುಮಾನವು ನಿರ್ದುಷ್ಟವೇ ಎಂಬುದು ವಿಚಾರಣೀಯ.

ಇಂಥಲ್ಲಿ ನೈಯಾಯಿಕರು ಉಪಾಧಿಯನ್ನು ಶಂಕಿಸುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ವ್ಯಾಪ್ತಿಯು ಹಸಿಸೌದೆಯ ಸಂಯೋಗವೆಂಬ ಉಪಾಧಿಯಿಂದ ಕೆಡುವುದನ್ನು ಅನ್ನಂಭಟ್ಟನ ತರ್ಕಸಂಗ್ರಹವನ್ನೋದಿದ ಬಾಲಕರೂ ಬಲ್ಲರು. ಪೆಟ್ಟಿಗೆಯನ್ನು ಬದಲಿಸಿದವನು ಕನೆಕ್ಟರನ್ನು ಕಿತ್ತು ಮರಳಿ ಒತ್ತಿ ಕೂರಿಸಿರುತ್ತಾನಷ್ಟೆ. ಪಿನ್ನುಗಳ ಮೇಲಿನ ಕಿಲುಬು ಆ ಉಜ್ಜಾಟದಿಂದಲೇ ಕಳೆದು ಪ್ರವಾಹವು ಹರಿದಿರಬಹುದು. ಹಳೆಯ ಪೆಟ್ಟಿಗೆಯನ್ನೇ ಮತ್ತೆ ಜೋಡಿಸಿ ನೋಡತಕ್ಕುದು. ಆಗಲೂ ಆಸನವು ಸರಿದರೆ ಪೆಟ್ಟಿಗೆಯು ನಿರ್ದೋಷಿ, ತೆತ್ತ ಹಣವು ವ್ಯರ್ಥ.

ಮೀಟರಿನ ಸಾಕ್ಷ್ಯವೂ ಮೋಸಗೊಳಿಸುವುದುಂಟು. ಆಸನದೊಡನೆ ಹಿಂದುಮುಂದಾಗಿ ಬಳುಕುವ ತಂತಿಯ ಎಳೆಗಳು ಕಾಲಕ್ರಮದಲ್ಲಿ ತುಂಡಾಗಿ ಒಂದೆರಡು ಮಾತ್ರ ಉಳಿದಿರಬಹುದು. ಕನೆಕ್ಟರನ್ನು ಬಿಚ್ಚಿ ಅಳೆದರೆ ಬ್ಯಾಟರಿಯ 12 ವೋಲ್ಟುಗಳೇ ಕಾಣುತ್ತವೆ, ಏಕೆಂದರೆ ಮೀಟರು ಬೇಡುವ ಪ್ರವಾಹವು ಅತ್ಯಲ್ಪ. ಮೋಟಾರು ಹಲವು ಆಂಪಿಯರುಗಳನ್ನು ಬೇಡಿದೊಡನೆ ವೋಲ್ಟೇಜು ಕುಸಿಯುತ್ತದೆ. ಬಿಚ್ಚಿ ಅಳೆದ ವೋಲ್ಟೇಜು ಒಳ್ಳೆಯ ತಂತಿಯಲ್ಲಿಯೂ ಕೆಟ್ಟ ತಂತಿಯಲ್ಲಿಯೂ ಕಾಣುವುದರಿಂದ ಅದು ಸವ್ಯಭಿಚಾರಹೇತು. ಆದುದರಿಂದ ಎಲ್ಲವನ್ನೂ ಜೋಡಿಸಿ, ಗುಂಡಿಯನ್ನೊತ್ತಿ ಹಿಡಿದು, ಪೆಟ್ಟಿಗೆಯ ಬಳಿಯಲ್ಲಿಯೇ ಬ್ಯಾಟರಿಯ ತಂತಿಯನ್ನೂ ಅರ್ಥ್ ತಂತಿಯನ್ನೂ ಪರೀಕ್ಷಿಸಬೇಕು. ಅರ್ಥನ್ನು ಮರೆಯುವವರೇ ಹೆಚ್ಚು.

ಇದಕ್ಕೂ ಮೊದಲು ಫ್ಯೂಸನ್ನು ನೋಡುವುದು ಸರಿಯೇ. ಗುಂಡಿಯನ್ನೊತ್ತಿದಾಗ ಗಾಡಿಯೊಳಗಿನ ಬಲ್ಬು ಮಂಕಾದರೆ ಪ್ರವಾಹವು ಹರಿಯುತ್ತಿದೆಯೆಂದು ಊಹಿಸಬಹುದು. ಆಗ ಹಳಿಯಲ್ಲಿ ನಾಣ್ಯವೋ ಪೆನ್ನೋ ಸಿಕ್ಕಿ ಮೋಟಾರು ತಡೆದಿರುವ ಸಂಭವವುಂಟು.

ವಿದ್ಯುತ್ತೂ ಅರ್ಥೂ ಗುಂಡಿಯ ಸೂಚನೆಯೂ ಸರಿಯಾಗಿ ಬಂದು, ಮೋಟಾರಿನ ಕಡೆಗೆ ಏನೂ ಹೊರಡದಿದ್ದರೆ ಪರಿಶೇಷದಿಂದ ದೋಷವು ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಇಲ್ಲಿಯೂ ಒಂದು ಅಪವಾದವಿದೆ. ಸ್ಥಾನವನ್ನು ನೆನಪಿಡುವ ಆಸನಗಳಲ್ಲಿ ಪೆಟ್ಟಿಗೆಯು ಮೋಟಾರಿನ ಸುತ್ತುಗಳನ್ನು ಸೆನ್ಸರಿನಿಂದ ಎಣಿಸುತ್ತದೆ. ಎಣಿಕೆಯು ಬಾರದಿದ್ದರೆ ಕೆಲವು ಪೆಟ್ಟಿಗೆಗಳು ತಾವೇ ಮೋಟಾರನ್ನು ನಿಲ್ಲಿಸುತ್ತವೆ. ಆಸನವು ತುಸುವೇ ಸರಿದು ನಿಂತರೆ ಈ ಸಂಶಯವನ್ನು ಬಿಡಲಾಗದು.

ಆಸನದಡಿಯಲ್ಲಿ ಏರ್‌ಬ್ಯಾಗಿನ ಹಳದಿಯ ಕನೆಕ್ಟರುಗಳೂ ಇರುವುದುಂಟು. ಅವಕ್ಕೆ ಮೀಟರನ್ನು ತಾಗಿಸಲೇಕೂಡದು. ಯಾವ ಕನೆಕ್ಟರನ್ನು ಕೀಳುವ ಮುನ್ನವೂ ಬ್ಯಾಟರಿಯನ್ನು ಬಿಚ್ಚಿ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯತಕ್ಕುದು.