ಡಯಾಬ್ಲೊ 3: ಎರಡು ಸೆಟ್‌ಗಳನ್ನು ತೂಗುವ ಲೆಕ್ಕ

ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ 2012ರಲ್ಲಿ ಬಿಡುಗಡೆ ಮಾಡಿದ ಡಯಾಬ್ಲೊ 3 ಆಟದಲ್ಲಿ ಪಾತ್ರದ ಬಲ ಇರುವುದು ಅದು ತೊಟ್ಟ ವಸ್ತುಗಳಲ್ಲಿ. ತಲೆಯಿಂದ ಪಾದದವರೆಗಿನ ಕವಚಗಳು, ತಾಯಿತ, ಎರಡು ಉಂಗುರ, ಎರಡು ಕೈಗೆ ಆಯುಧಗಳು ಸೇರಿ ಒಟ್ಟು 13 ಸ್ಥಾನಗಳಿವೆ. ಈ ಸ್ಥಾನಗಳಲ್ಲಿ ತೊಡುವ ಕೆಲವು ವಸ್ತುಗಳು ಒಂದೇ ಗುಂಪಿಗೆ ಸೇರಿರುತ್ತವೆ, ಆ ಗುಂಪೇ ಸೆಟ್. ಹಸಿರು ಬಣ್ಣದಲ್ಲಿ ಕಾಣಿಸುವ ಈ ವಸ್ತುಗಳಿಗೆ ತಮ್ಮದೇ ಗುಣಗಳಿದ್ದರೂ ನಿಜವಾದ ಶಕ್ತಿ ಹೊರಬರುವುದು ಒಂದೇ ಸೆಟ್ಟಿನ ಹಲವು ವಸ್ತುಗಳನ್ನು ಒಟ್ಟಿಗೆ ತೊಟ್ಟಾಗ. ಪ್ರಮುಖ ಸೆಟ್‌ಗಳಲ್ಲಿ ಎರಡು, ನಾಲ್ಕು ಮತ್ತು ಆರು ವಸ್ತುಗಳಿಗೆ ಒಂದೊಂದು ಬೋನಸ್ ಸಿಗುತ್ತದೆ. ಆರು ವಸ್ತುಗಳ ಬೋನಸ್ಸೇ ಎಲ್ಲಕ್ಕಿಂತ ದೊಡ್ಡದು. ಡ್ಯಾಮೇಜ್ ಅನ್ನು, ಅಂದರೆ ಹೊಡೆತದ ಬಲವನ್ನು, ಹತ್ತಾರು ಪಟ್ಟು ಏರಿಸುವುದು ಅದು.

ಆದ್ದರಿಂದ ಸೆಟ್‌ಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಆ ಬೋನಸ್ ಆಟಗಾರನಿಂದ ಏನು ಕೇಳುತ್ತದೆ ಎಂಬುದನ್ನು. ಮಾಂತ್ರಿಕ ಪಾತ್ರವಾದ ವಿಝಾರ್ಡ್‌ನ ಎರಡು ಸೆಟ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಟಾಲ್ ರಾಶಾ ಸೆಟ್ ತೊಟ್ಟವನು ಬೆಂಕಿ, ಹಿಮ, ಮಿಂಚು ಮತ್ತು ಆರ್ಕೇನ್ ಎಂಬ ನಾಲ್ಕು ಬಗೆಯ ಶಕ್ತಿಗಳಿಂದಲೂ ಹೊಡೆಯಬೇಕು. ಪ್ರತಿ ಬಗೆಯ ಹೊಡೆತಕ್ಕೆ ಬೋನಸ್ ಒಂದು ಹಂತ ಏರುತ್ತದೆ. ನಾಲ್ಕೂ ಸೇರಿದರೆ ಪೂರ್ಣ ಬಲ. ಕೆಲವೇ ಸೆಕೆಂಡುಗಳಲ್ಲಿ ಅದು ಇಳಿದುಹೋಗುವುದರಿಂದ ಹೊಡೆತಗಳ ಸರದಿ ತಪ್ಪುವಂತಿಲ್ಲ. ವೈರ್ ಸೆಟ್ಟಿನ ದಾರಿಯೇ ಬೇರೆ. ಆರ್ಕಾನ್ ಎಂಬ ವಿದ್ಯೆಯಿಂದ ಮಾಂತ್ರಿಕ ರೂಪ ಬದಲಿಸುತ್ತಾನೆ. ಆ ರೂಪದಲ್ಲಿ ಶತ್ರುಗಳನ್ನು ಕೊಂದಷ್ಟೂ ಬಲ ಕೂಡುತ್ತ ಹೋಗುತ್ತದೆ. ಮೂಲತಃ ಆರ್ಕಾನ್ ಇರುವುದು 20 ಸೆಕೆಂಡು, ಮತ್ತೆ ಬಳಸಲು ಕಾಯಬೇಕಾದದ್ದು 120 ಸೆಕೆಂಡು. ಹೀಗಾಗಿ ಈ ಸೆಟ್ ತೊಟ್ಟವರು ಕಾಯುವ ಅವಧಿಯನ್ನು ಕುಗ್ಗಿಸುವ ಗುಣಕ್ಕೆ, ಅಂದರೆ ಕೂಲ್‌ಡೌನ್ ಕಡಿತಕ್ಕೆ, ಮೊದಲ ಮಣೆ ಹಾಕುತ್ತಾರೆ.

ಎರಡನೆಯ ಅಂಶ ಸ್ಥಾನಗಳದು. ವೈರ್ ಸೆಟ್ಟಿನ ಆರೂ ವಸ್ತುಗಳು ಮೈಮೇಲಿನ ಕವಚಗಳೇ. ಕೈಗಳು ಖಾಲಿ ಉಳಿಯುವುದರಿಂದ ಅಲ್ಲಿ ಷಾಂಟೋಡೊ ಎಂಬ ಎರಡು ವಸ್ತುಗಳ ಇನ್ನೊಂದು ಸೆಟ್ ಕೂರುತ್ತದೆ. ಟಾಲ್ ರಾಶಾದಲ್ಲಿ ತಾಯಿತವೂ ಎಡಗೈಯ ಮಾಂತ್ರಿಕ ವಸ್ತುವೂ ಸೇರಿರುವುದರಿಂದ ಬೇರೆ ಒಳ್ಳೆಯ ತಾಯಿತವನ್ನು ಬಿಡಬೇಕಾಗಬಹುದು. ರಿಂಗ್ ಆಫ್ ರಾಯಲ್ ಗ್ರ್ಯಾಂಜರ್ ಎಂಬ ಉಂಗುರ ಈ ಇಕ್ಕಟ್ಟನ್ನು ಸಡಿಲಿಸುತ್ತದೆ: ಅದರ ಗುಣವಿದ್ದರೆ ಐದೇ ವಸ್ತುಗಳಿಗೆ ಆರರ ಬೋನಸ್ ದಕ್ಕುತ್ತದೆ. 2015ರಲ್ಲಿ ಬಂದ ಕನಾಯ್ ಕ್ಯೂಬ್ ಒಂದು ಆಯುಧ, ಒಂದು ಕವಚ ಮತ್ತು ಒಂದು ಆಭರಣದ ವಿಶೇಷ ಗುಣಗಳನ್ನು, ಅವುಗಳನ್ನು ತೊಡದೆಯೇ, ಬಳಸಲು ಅವಕಾಶ ಕೊಟ್ಟಿತು. ಹಾಗಾಗಿ ಹೋಲಿಸಬೇಕಾದದ್ದು ಬರೀ ಸೆಟ್ಟನ್ನಲ್ಲ. ಅದು ಬಿಟ್ಟುಕೊಡುವ ಜಾಗದಲ್ಲಿ ಕೂರುವ ವಸ್ತುಗಳನ್ನೂ ಸೇರಿಸಿ ನೋಡಬೇಕು.

ಮೂರನೆಯದು ಅಂಕಿಗಳ ಲೆಕ್ಕ. ಒಂದೇ ಬಗೆಯ ಗುಣಗಳು ಪರಸ್ಪರ ಕೂಡುತ್ತವೆ, ಬೇರೆ ಬೇರೆ ಬಗೆಯವು ಗುಣಿಸುತ್ತವೆ. ಫೋಕಸ್ ಮತ್ತು ರಿಸ್ಟ್ರೇಂಟ್ ಎಂಬ ಜೋಡಿ ಉಂಗುರಗಳು ತಲಾ ಶೇ. 50ರಷ್ಟು ಡ್ಯಾಮೇಜ್ ಏರಿಸುತ್ತವೆ. ಎರಡೂ ಗುಣಿಸುವುದರಿಂದ ಫಲ ಎರಡು ಪಟ್ಟಲ್ಲ, 2.25 ಪಟ್ಟು. ಕ್ರಿಟಿಕಲ್ ಹಿಟ್ ಎಂಬ ಅದೃಷ್ಟದ ಹೊಡೆತದಲ್ಲೂ ಇದೇ ನಿಯಮ. ತಾಯಿತವೊಂದರಲ್ಲಿ ಅದರ ಸಾಧ್ಯತೆ ಶೇ. 10ರಷ್ಟು ಅಥವಾ ಅದರ ಬಲ ಶೇ. 100ರಷ್ಟು ಹೆಚ್ಚಬಹುದು ಎಂದುಕೊಳ್ಳೋಣ. ಈಗಾಗಲೇ ಸಾಧ್ಯತೆ ಶೇ. 40, ಹೆಚ್ಚುವರಿ ಬಲ ಶೇ. 250 ಇರುವವನ ಸರಾಸರಿ ಹೊಡೆತ ಮೂಲದ 2 ಪಟ್ಟು. ಸಾಧ್ಯತೆ ಹೆಚ್ಚಿಸಿದರೆ ಅದು 2.25 ಆಗುತ್ತದೆ, ಬಲ ಹೆಚ್ಚಿಸಿದರೆ 2.4. ಸಾಧ್ಯತೆ ಶೇ. 30, ಬಲ ಶೇ. 300 ಇರುವವನಿಗೆ ಎರಡರಿಂದಲೂ ಸಿಗುವುದು ಅದೇ 2.2. ಒಂದೇ ತಾಯಿತ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಸಮ. ಯಾವ ಗುಣ ಕಡಿಮೆ ಇದೆಯೋ ಅದನ್ನು ತುಂಬಿಕೊಳ್ಳುವುದೇ ಜಾಣತನ.

ರಕ್ಷಣೆಯ ಲೆಕ್ಕವೂ ಹೀಗೆಯೇ: ಈಗಾಗಲೇ ಹೆಚ್ಚಿರುವುದನ್ನು ಇನ್ನಷ್ಟು ಹೆಚ್ಚಿಸಿದರೆ ಸಿಗುವ ಫಲ ಕಡಿಮೆ. 70ನೇ ಮಟ್ಟದ ಶತ್ರುವಿನ ಎದುರು 3,500 ಅಂಕದ ಕವಚ ಏಟಿನ ಅರ್ಧವನ್ನು ತಡೆಯುತ್ತದೆ. ಕವಚ 7,000ಕ್ಕೆ ಏರಿದರೆ ತಡೆ ಮೂರರಲ್ಲಿ ಎರಡು ಪಾಲಿಗೆ ಮಾತ್ರ ಏರುತ್ತದೆ.

ಪಾತ್ರದ ವಿವರಗಳ ಪುಟದಲ್ಲಿ ಡ್ಯಾಮೇಜ್ ಎಂದು ತೋರಿಸುವ ಅಂಕಿಯೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಆಯುಧ, ವೇಗ, ಕ್ರಿಟಿಕಲ್ ಹಿಟ್ ಮತ್ತು ಪಾತ್ರದ ಮುಖ್ಯ ಗುಣ ಆ ಅಂಕಿಯಲ್ಲಿ ಅಡಕವಾಗಿವೆ. ಬೆಂಕಿ, ಹಿಮದಂಥ ಶಕ್ತಿಗಳಿಗೆ ಸಿಗುವ ಹೆಚ್ಚಳ, ನಿರ್ದಿಷ್ಟ ವಿದ್ಯೆಗೆ ಸಿಗುವ ಹೆಚ್ಚಳ ಮತ್ತು ಆರು ವಸ್ತುಗಳ ದೊಡ್ಡ ಬೋನಸ್ ಅಲ್ಲಿ ಕಾಣುವುದಿಲ್ಲ. ಅಂಕಿ ಇಳಿದರೂ ಪಾತ್ರ ಬಲಗೊಂಡಿರುವುದು ಇಲ್ಲಿ ಸಾಮಾನ್ಯ.

ಸೆಟ್ಟಿನ ನಿಜವಾದ ಪರೀಕ್ಷೆ ನಡೆಯುವುದು ಗ್ರೇಟರ್ ರಿಫ್ಟ್ ಎಂಬ ಕಣದಲ್ಲಿ. ಅಲ್ಲಿ 15 ನಿಮಿಷದೊಳಗೆ ಸಾಕಷ್ಟು ಶತ್ರುಗಳನ್ನು ಕೊಂದು ಕೊನೆಯ ಕಾವಲುಗಾರನನ್ನೂ ಮುಗಿಸಬೇಕು. 150 ಹಂತಗಳಿದ್ದು, ಒಂದೊಂದು ಹಂತ ಏರಿದಂತೆ ಶತ್ರುಗಳ ಜೀವಬಲ ಸುಮಾರು ಶೇ. 17ರಷ್ಟು ಬೆಳೆಯುತ್ತದೆ, ಹತ್ತು ಹಂತ ಮೇಲೆ ಅದು 4.8 ಪಟ್ಟು. ಒಂದು ಸೆಟ್ ಇನ್ನೊಂದಕ್ಕಿಂತ ದುಪ್ಪಟ್ಟು ಡ್ಯಾಮೇಜ್ ಕೊಟ್ಟರೂ ಮೇಲೇರುವುದು ನಾಲ್ಕೈದು ಹಂತವಷ್ಟೇ. ಕೆಳಗಿನ ಹಂತಗಳನ್ನು ಸರಸರನೆ ಮುಗಿಸಿ ವಸ್ತುಗಳನ್ನು ಗಳಿಸುವವನಿಗೆ ಬೇಕಾದದ್ದು ಓಟದ ವೇಗ. ಶತ್ರು ಒಂದೇ ಏಟಿಗೆ ಸಾಯುವಾಗ ಹೆಚ್ಚುವರಿ ಡ್ಯಾಮೇಜ್ ವ್ಯರ್ಥ. ಗುಂಪಿನಲ್ಲಿ ಆಡುವಾಗ ಒಬ್ಬನು ಏನೂ ಕೊಲ್ಲದೆ ಉಳಿದವರನ್ನು ಬಲಪಡಿಸುವ ಸೆಟ್ ತೊಟ್ಟರೂ ತಂಡ ಗೆಲ್ಲುತ್ತದೆ.

ವಸ್ತುಗಳ ದರ್ಜೆಯೂ ಹೋಲಿಕೆಯನ್ನು ಕೆಡಿಸಬಲ್ಲದು. ಸೆಟ್ ವಸ್ತುಗಳೂ ಸೇರಿದ ಲೆಜೆಂಡರಿ ಎಂಬ ಮೇಲು ವರ್ಗದ ವಸ್ತುಗಳಲ್ಲಿ ಸುಮಾರು ಹತ್ತಕ್ಕೊಂದು ಹೆಚ್ಚು ಬಲದ ಏನ್ಷಿಯಂಟ್. 400ಕ್ಕೊಂದು ಎಲ್ಲ ಗುಣಗಳೂ ತುತ್ತತುದಿಯಲ್ಲಿರುವ ಪ್ರೈಮಲ್. ಒಂದು ಸೆಟ್ಟಿನ ಪ್ರೈಮಲ್‌ಗಳನ್ನು ಇನ್ನೊಂದರ ಸಾಮಾನ್ಯ ವಸ್ತುಗಳ ಎದುರು ಇಟ್ಟರೆ ತಿಳಿಯುವುದು ಅದೃಷ್ಟದ ಅಂತರವೇ ಹೊರತು ಸೆಟ್ಟಿನದಲ್ಲ. ಒಂದೇ ದರ್ಜೆಯ ವಸ್ತುಗಳು, ಒಂದೇ ಹಂತದ ರಿಫ್ಟ್, ಹಲವು ಸುತ್ತಿನ ಸರಾಸರಿ ಸಮಯ: ಇಷ್ಟನ್ನು ಪಾಲಿಸಿದರೆ ಮಾತ್ರ ಹೋಲಿಕೆ ನ್ಯಾಯವಾದೀತು. ಎಲ್ಲ ಕೆಲಸಕ್ಕೂ ಮೇಲಾದ ಸೆಟ್ ಈ ಆಟದಲ್ಲಿಲ್ಲ. ಯಾವ ಕೆಲಸಕ್ಕೆ ಎಂಬುದನ್ನು ಮೊದಲು ತೀರ್ಮಾನಿಸಿದವನಿಗೆ ಆಯ್ಕೆ ಸುಲಭ.